ಪೆರೋವ್‌ಸ್ಕೈಟ್ ಸೌರಫಲಕ: ದೋಷ ನಿಯಂತ್ರಣವೂ ಉತ್ಪಾದನಾ ವೆಚ್ಚವೂ

ಸಿಲಿಕಾನಿಗೆ ಪರ್ಯಾಯವಾಗಿ ಹಾಗೂ ಪೂರಕವಾಗಿ ಪೆರೋವ್‌ಸ್ಕೈಟ್ ಎಂಬ ವಸ್ತುವು ಸೌರವಿದ್ಯುತ್ ಉದ್ಯಮದ ಗಮನ ಸೆಳೆದಿದೆ. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕಾ ಅವರ ತಂಡವು ತಯಾರಿಸಿದ ಕೋಶದ ದಕ್ಷತೆ ಶೇ. 3.8 ಮಾತ್ರವಿತ್ತು. ಇಂದು ಪ್ರಯೋಗಾಲಯದ ಸಣ್ಣ ಕೋಶಗಳು ಶೇ. 26ನ್ನು ದಾಟಿವೆ. 2024ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡ್ ಪಿವಿ ಸಂಸ್ಥೆಯು ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಲೇಪಿಸಿದ, ಶೇ. 24.5 ದಕ್ಷತೆಯ ಫಲಕಗಳನ್ನು ವಾಣಿಜ್ಯವಾಗಿ ರವಾನಿಸಿತು. ಆದರೆ ಹೂಡಿಕೆದಾರರು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ತಯಾರಾದ ನೂರು ಫಲಕಗಳಲ್ಲಿ ಮಾರಾಟಯೋಗ್ಯವಾದವು ಎಷ್ಟು?

ದೋಷಗಳ ಮೂಲ

ಪ್ರಯೋಗಾಲಯದಲ್ಲಿ ಚಿಕ್ಕ ಗಾಜಿನ ಮೇಲೆ ದ್ರಾವಣವನ್ನು ಹಾಕಿ, ವೇಗವಾಗಿ ತಿರುಗಿಸಿ ಪದರವನ್ನು ಹರಡಲಾಗುತ್ತದೆ. ಮೀಟರ್ ಅಗಲದ ಗಾಜಿಗೆ ಈ ವಿಧಾನ ಒದಗದು. ಕಿರಿದಾದ ಸೀಳಿನ ಮೂಲಕ ದ್ರಾವಣವನ್ನು ಹರಿಸಿ ಲೇಪಿಸಬೇಕಾಗುತ್ತದೆ. ಪದರದ ದಪ್ಪ ಒಂದು ಮೈಕ್ರೋಮೀಟರಿನ ಆಸುಪಾಸಿನದು. ದ್ರಾವಕವು ಒಂದೆಡೆ ಬೇಗನೆ, ಇನ್ನೊಂದೆಡೆ ತಡವಾಗಿ ಆರಿದರೆ ಸೂಕ್ಷ್ಮ ರಂಧ್ರಗಳೂ ಅಸಮ ಹರಳುಗಳೂ ಉಂಟಾಗುತ್ತವೆ. ಕೋಶಗಳು ಸರಣಿಯಲ್ಲಿ ಜೋಡಣೆಗೊಂಡಿರುವುದರಿಂದ ಒಂದು ದುರ್ಬಲ ಕೋಶವು ಇಡೀ ಸರಣಿಯ ವಿದ್ಯುತ್ ಪ್ರವಾಹವನ್ನು ತಗ್ಗಿಸುತ್ತದೆ.

ನಿವಾರಣೋಪಾಯಗಳು

ಲೇಪಿಸಿದ ಕೂಡಲೇ ಅನಿಲದ ತೆಳು ಧಾರೆಯನ್ನು ಹಾಯಿಸಿ ಪದರವನ್ನು ಏಕರೀತಿಯಲ್ಲಿ ಒಣಗಿಸುವುದು ಮೊದಲನೆಯ ಉಪಾಯ. ಎರಡನೆಯದು ದ್ರಾವಣದ ಸುಧಾರಣೆ. ಪದರದ ತಳದಲ್ಲಿ ಸಿಕ್ಕಿಕೊಂಡ ದ್ರಾವಕವು ಪೊಳ್ಳುಗಳನ್ನು ಉಂಟುಮಾಡುವುದನ್ನು ಅಮೆರಿಕದ ಜಿನ್‌ಸಾಂಗ್ ಹುವಾಂಗ್ ಅವರ ತಂಡವು 2021ರಲ್ಲಿ ತೋರಿಸಿ, ದ್ರಾವಕದ ಒಂದಂಶಕ್ಕೆ ಬದಲಾಗಿ ಕಾರ್ಬೋಹೈಡ್ರಜೈಡ್ ಬಳಸಿ ಅವನ್ನು ತಗ್ಗಿಸಿತು. ಮೂರನೆಯದು, ಬೆಳಕು ಹಾಯಿಸಿದಾಗ ಪದರವು ಹೊರಸೂಸುವ ಹೊಳಪಿನ ಚಿತ್ರ ತೆಗೆದು ಪರೀಕ್ಷಿಸುವುದು. ದೋಷವು ಈ ಹಂತದಲ್ಲಿಯೇ ಪತ್ತೆಯಾದರೆ ಮುಂದಿನ ಹಂತಗಳ ವೆಚ್ಚ ಉಳಿಯುತ್ತದೆ.

ಲೆಕ್ಕದ ದೃಷ್ಟಿ

ಉದಾಹರಣೆಗೆ, ಫಲಕವೊಂದಕ್ಕೆ ರೂ. 5,000ದಂತೆ ನೂರು ಫಲಕಗಳಿಗೆ ರೂ. 5,00,000 ವೆಚ್ಚವಾಯಿತೆಂದೂ ತಿರಸ್ಕೃತ ಫಲಕಗಳಿಗೆ ಬೆಲೆಯಿಲ್ಲವೆಂದೂ ಭಾವಿಸೋಣ. 80 ಉತ್ತಮವಾಗಿದ್ದರೆ ತಲಾ ವೆಚ್ಚ ರೂ. 6,250, 95 ಉತ್ತಮವಾಗಿದ್ದರೆ ರೂ. 5,263. ದಕ್ಷತೆ ಏರದೆಯೇ ಫಲಕವೊಂದಕ್ಕೆ ರೂ. 987 ಉಳಿತಾಯ!

ಕಾರ್ಖಾನೆಯಲ್ಲಿ ಕಾಣದೆ ಹೊರಹೋದ ದೋಷ ಇನ್ನೂ ದುಬಾರಿ. ಸಿಲಿಕಾನ್ ಫಲಕಗಳಿಗೆ 25 ವರ್ಷಗಳ ಖಾತರಿ ರೂಢಿಯಲ್ಲಿದೆ; ಅಷ್ಟು ಅವಧಿಯ ಖಾತರಿ ನೀಡುವವರು ಬದಲಿ ಫಲಕಗಳ ಹೊಣೆಗಾಗಿ ಲೆಕ್ಕಪತ್ರದಲ್ಲಿ ಅವಕಾಶ ಕಲ್ಪಿಸಲೇಬೇಕು. ಆದುದರಿಂದ ತಂತ್ರಜ್ಞಾನ ಖರೀದಿಸುವ ಮುನ್ನ ಉತ್ತಮ ಫಲಕಗಳ ಪ್ರಮಾಣವನ್ನೂ, 85 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಾಗೂ ಶೇ. 85 ಆರ್ದ್ರತೆಯಲ್ಲಿ 1,000 ಗಂಟೆಗಳ ಪರೀಕ್ಷೆಯ ಫಲಿತಾಂಶವನ್ನೂ ಲಿಖಿತವಾಗಿ ಪಡೆಯುವುದು ಹಿತಕರ.