ಕಾಯಿಹಾಲಿನ ಸಿಹಿ, ದೂರದೂರಿನ ಮಕ್ಕಳು

ಕಾಸರಗೋಡಿನ ತೋಟದ ಮನೆಗಳಿಗೆ ಮಳೆಗಾಲದ ಮೊದಲ ವಾರಗಳು ಎರಡು ಕೆಲಸಗಳನ್ನು ಒಟ್ಟಿಗೇ ತರುತ್ತವೆ. ಹಲಸಿನ ಕೊನೆಯ ಹಣ್ಣುಗಳು ನೀರು ಕುಡಿದು ಸಪ್ಪೆಯಾಗುವ ಮೊದಲು ಮರದಿಂದ ಇಳಿಯಬೇಕು. ಪ್ಲಸ್ ಟು ಮುಗಿಸಿದ ಮಕ್ಕಳು ಮುಂದಿನ ಓದಿಗಾಗಿ ಮನೆ ಬಿಡಬೇಕು. ಮಂಗಳೂರಿಗೆ ಹೋದವರು ಐವತ್ತು ಕಿಲೋಮೀಟರಿನ ದಾರಿಯವರು, ಶನಿವಾರ ಸಂಜೆಗೆ ಮನೆಯಂಗಳದಲ್ಲಿರುತ್ತಾರೆ. ರಾತ್ರಿಯ ರೈಲು ಹತ್ತಿ ಬೆಂಗಳೂರಿಗೆ ಹೋದವರ ಲೆಕ್ಕ ಬೇರೆ. ಅವರ ಮುಖ ಕಾಣಲು ದಸರೆಯವರೆಗೆ ಕಾಯಬೇಕು.

ಪೆರ್ಲದ ಕಡೆಯ ಒಂದು ಮನೆಯಿಂದ ಹೀಗೆ ಹೊರಟವಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿದ ಹುಡುಗಿ. ಅವಳು ಹೋದ ಮೇಲೆ ತಾಯಿಗೆ ಮೊದಲು ತಪ್ಪಿದ್ದು ಅಕ್ಕಿಯ ಅಳತೆ. ನಾಲ್ವರಿಗೆ ಅಳೆಯುವುದಕ್ಕೆ ಪಳಗಿದ ಕೈ ಮೂವರ ಪ್ರಮಾಣಕ್ಕೆ ಇಳಿಯಲು ವಾರಗಟ್ಟಲೆ ತೆಗೆದುಕೊಂಡಿತು. ಅಲ್ಲಿಯವರೆಗೆ ಪ್ರತಿ ರಾತ್ರಿ ಒಂದು ಬಟ್ಟಲು ಅನ್ನ ಉಳಿಯುತ್ತಲೇ ಇತ್ತು. ಖಾಲಿ ಗೂಡಿನ ಬೇನೆಯೆಂದು ಮನಶ್ಶಾಸ್ತ್ರದವರು ಇದಕ್ಕೆ ಹೆಸರಿಟ್ಟಿದ್ದಾರೆ. ನಮ್ಮ ಕಡೆಯ ಹೆಂಗಸರು ಅದಕ್ಕೆ ಹೆಸರಿಡುವ ಗೊಡವೆಗೆ ಹೋಗದೆ ಏನಾದರೊಂದು ಸಿಹಿ ಮಾಡಿ ಡಬ್ಬಕ್ಕೆ ತುಂಬಿಸುತ್ತಾರೆ.

ಆದರೆ ಎರಡು ತಿಂಗಳಾಗುವಷ್ಟರಲ್ಲಿ ಮಗಳಿಂದ ಫೋನು ಬಂತು: ಇನ್ನು ಮುಂದೆ ಹಾಲು, ಮೊಸರು, ತುಪ್ಪ ಯಾವುದೂ ಬೇಡ. ಕಾರಣದಲ್ಲಿ ಅರ್ಧ ಆರೋಗ್ಯದ್ದು. ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವವು ಬಾಲ್ಯ ಕಳೆದಂತೆ ಅನೇಕರ ಕರುಳಿನಲ್ಲಿ ಕಡಿಮೆಯಾಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ; ಇದು ಅಪರೂಪದ ಕಾಯಿಲೆಯೇನೂ ಅಲ್ಲ. ಉಳಿದರ್ಧ ಅವಳ ನಂಬಿಕೆ: ಕರುವಿನ ಪಾಲನ್ನು ತಾನು ಕುಡಿಯಲಾರೆ. ಹಟ್ಟಿಯಲ್ಲಿ ಎರಡು ದನಗಳಿರುವ ಮನೆಯಲ್ಲಿ ಈ ಮಾತು ಹಗುರವಾಗಿ ಬೀಳಲಿಲ್ಲ. ಮುಂಜಾನೆ ಐದಕ್ಕೆ ಎದ್ದು ಹಾಲು ಕರೆದು ಮಗಳನ್ನು ಬೆಳೆಸಿದವಳಿಗೆ, ಮಗಳು ಊಟದ ಕ್ರಮವನ್ನು ಮಾತ್ರವಲ್ಲದೆ ತನ್ನ ಹದಿನೆಂಟು ವರ್ಷಗಳ ದುಡಿಮೆಯನ್ನೇ ಬದಿಗಿಟ್ಟಂತೆ ಕಂಡಿತು. ಮೂರು ದಿನ ಅವರೇ ಫೋನು ಮಾಡಲಿಲ್ಲ. ನಾಲ್ಕನೆಯ ದಿನ, ಡಬ್ಬಕ್ಕೆ ಇನ್ನು ಏನನ್ನು ತುಂಬಿಸುವುದೆಂಬ ಪ್ರಶ್ನೆ ಅಭಿಮಾನಕ್ಕಿಂತ ದೊಡ್ಡದಾಯಿತು.

ಉತ್ತರವು ಅಡುಗೆಮನೆಯಲ್ಲಿಯೇ ಇತ್ತು. ಹಲಸಿನ ಹಣ್ಣಿನ ಕೊಟ್ಟಿಗೆಗೆ ಬೇಕಾದದ್ದು ಹಣ್ಣು, ಅಕ್ಕಿ, ಬೆಲ್ಲ, ಕಾಯಿತುರಿ ಮತ್ತು ಒಂದು ಬಾಳೆಲೆ. ಅರಸಿನ ಎಲೆಯ ಕಡುಬಿಗೆ ಅಕ್ಕಿಹಿಟ್ಟಿನ ಹೊದಿಕೆ, ಕಾಯಿ ಬೆಲ್ಲದ ಹೂರಣ. ರಾಗಿಯ ಮಣ್ಣಿಗೆ ಕಾಯಿಹಾಲು, ಹೆಸರುಬೇಳೆಯ ಪಾಯಸಕ್ಕೂ ಕಾಯಿಹಾಲು. ಇವುಗಳ ಮೇಲೆ ತುಪ್ಪ ಒಂದು ಚಮಚ ಬಿದ್ದರೆ ಅದು ಉಪಚಾರಕ್ಕೆ ಮಾತ್ರ. ಬೀಳದಿದ್ದರೂ ಕೊಟ್ಟಿಗೆ ಕೊಟ್ಟಿಗೆಯೇ. ತೆಂಗು ಬೆಳೆಯುವ ಕರಾವಳಿಯಲ್ಲಿ ಹಾಲಿಲ್ಲದ ಸಿಹಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ.

‘ವೀಗನ್’ ಎಂಬ ಪದಕ್ಕಾದರೋ ಇನ್ನೂ ನೂರು ವರ್ಷ ತುಂಬಿಲ್ಲ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ‘ವೆಜಿಟೇರಿಯನ್’ ಪದದ ತಲೆಬಾಲಗಳನ್ನು ಜೋಡಿಸಿ ಅದನ್ನು ಕಟ್ಟಿದರು. ಆ ಸಂಘದ ಐವತ್ತನೆಯ ವರ್ಷವಾದ 1994ರಿಂದ ನವೆಂಬರ್ 1 ವಿಶ್ವ ವೀಗನ್ ದಿನವೆನಿಸಿದೆ. ಕಾಸರಗೋಡಿನ ಕನ್ನಡಿಗರಿಗೆ ಆ ದಿನಾಂಕವನ್ನು ಯಾರೂ ನೆನಪಿಸಬೇಕಾಗಿಲ್ಲ. 1956ರ ಅದೇ ದಿನ ಅವರು ನಿಂತ ನೆಲದಲ್ಲಿಯೇ ನಿಂತು ಬೇರೊಂದು ರಾಜ್ಯದವರಾದರು.

ಕಾನೂನೂ ಈ ಆಹಾರವನ್ನು ಗುರುತಿಸಿದೆ. ನಮ್ಮ ದೇಶದಲ್ಲಿ 2022ರಿಂದ ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮಾವಳಿಯಿದೆ. ಅದರಂತೆ ಹಾಲು ಮಾತ್ರವಲ್ಲ, ಜೇನೂ ವರ್ಜ್ಯ. ತಯಾರಿಕೆಯ ಯಾವ ಹಂತದಲ್ಲಿಯೂ ಪ್ರಾಣಿಮೂಲದ ವಸ್ತು ಸೇರಿರಬಾರದು. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ಕಂಡು ಮಕ್ಕಳಿಗೆ ಬಿಸ್ಕತ್ತು ಕಳುಹಿಸುವವರು ತಿಳಿದಿರಬೇಕಾದ ಸಂಗತಿಯೊಂದಿದೆ: ಆ ಚುಕ್ಕೆ ಸಸ್ಯಾಹಾರದ ಗುರುತು, ಅದರೊಳಗೆ ಹಾಲಿನ ಪುಡಿ ಇರಬಹುದು. ಪದಾರ್ಥಗಳ ಪಟ್ಟಿಯನ್ನು ಓದದೆ ನಂಬುವಂತಿಲ್ಲ. ಇನ್ನು ‘ಹಾಲು’ ಎಂಬ ಪದದ ಮೇಲೆಯೇ ಯುರೋಪಿನಲ್ಲಿ ವ್ಯಾಜ್ಯ ನಡೆದಿದೆ. ಸೋಯಾದಂತಹ ಸಸ್ಯಮೂಲದ ಪಾನೀಯಗಳನ್ನು ಹಾಲೆಂದು ಮಾರುವಂತಿಲ್ಲವೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು 2017ರಲ್ಲಿ ತೀರ್ಪಿತ್ತಿತು. ಆದರೆ ತೆಂಗಿನ ಹಾಲಿಗೆ ಅಲ್ಲಿಯ ನಿಯಮದಲ್ಲಿ ಮೊದಲೇ ವಿನಾಯಿತಿ ಇತ್ತು. ಕಾಯಿಹಾಲನ್ನು ಹಾಲೆಂದು ಕರೆಯಲು ನಮ್ಮ ಅಜ್ಜಿಯಂದಿರು ಯಾವ ನ್ಯಾಯಾಲಯವನ್ನೂ ಕೇಳಿರಲಿಲ್ಲವೆನ್ನುವುದು ಬೇರೆ ಮಾತು.

ಆ ಹಾಲಿಗೆ ಅದರದೇ ಶಿಸ್ತಿದೆ. ತುರಿದ ಕಾಯಿಯನ್ನು ಕಡಿದು ಹಿಂಡಿದಾಗ ಮೊದಲು ಬರುವುದು ದಪ್ಪ ಹಾಲು. ಮತ್ತೆ ನೀರು ಬೆರೆಸಿ ಹಿಂಡಿದರೆ ಎರಡನೆಯದು, ಮೂರನೆಯದು. ತೆಳುವಾದ ಹಾಲಿನಲ್ಲಿ ಬೇಳೆಯೋ ಹಣ್ಣೋ ಬೇಯಬೇಕು. ದಪ್ಪ ಹಾಲನ್ನು ಕೊನೆಗೆ, ಒಲೆಯಿಂದ ಇಳಿಸುವ ಹೊತ್ತಿಗೆ ಸೇರಿಸಬೇಕು. ಕುದಿಸಿದರೆ ಅದು ಒಡೆದು ಎಣ್ಣೆ ಬೇರೆಯಾಗುತ್ತದೆ.

ಮಗಳಿಗೆ ಬೇಕಾದದ್ದು ಕೇಕು. ಮನೆಯಲ್ಲಿ ಮೊಟ್ಟೆ ಎಂದೂ ಬಳಸಿದ್ದಲ್ಲ, ಬೆಣ್ಣೆ ಹಾಲುಗಳೂ ಹೋದರೆ ಹಿಟ್ಟನ್ನು ಹಿಡಿಯುವುದು ಯಾವುದು, ಉಬ್ಬಿಸುವುದು ಯಾವುದು? ಚೆನ್ನಾಗಿ ಕಳಿತ ಬಾಳೆಹಣ್ಣು ಹಿಡಿಯುತ್ತದೆ. ಒಂದು ಚಮಚ ಅಗಸೆ ಬೀಜದ ಪುಡಿಯನ್ನು ಮೂರು ಚಮಚ ನೀರಿನಲ್ಲಿ ನೆನೆಸಿದರೆ ಬರುವ ಲೋಳೆಯೂ ಅದೇ ಕೆಲಸ ಮಾಡುತ್ತದೆ. ಉಬ್ಬಿಸುವುದು ಅಡುಗೆ ಸೋಡಾ ಮತ್ತು ಲಿಂಬೆರಸದ ಜಗಳ: ಹುಳಿಗೆ ಸೋಡಾ ತಾಗಿದೊಡನೆ ಇಂಗಾಲದ ಡೈ ಆಕ್ಸೈಡ್ ಗುಳ್ಳೆಗಳು ಏಳುತ್ತವೆ. ಗುಳ್ಳೆ ಆರುವ ಮೊದಲೇ ಹಿಟ್ಟು ಒಲೆ ಸೇರಬೇಕಾದ್ದರಿಂದ ಇಲ್ಲಿ ಸಾವಕಾಶ ಸಲ್ಲದು. ಎರಡು ಲೋಟ ಗೋಧಿಹಿಟ್ಟು, ಮುಕ್ಕಾಲು ಲೋಟ ಬೆಲ್ಲದ ಪುಡಿ, ಮೂರು ಬಾಳೆಹಣ್ಣು, ಮುಕ್ಕಾಲು ಲೋಟ ದಪ್ಪ ಕಾಯಿಹಾಲು, ಅರ್ಧ ಲೋಟಕ್ಕೆ ತುಸು ಕಡಿಮೆ ತೆಂಗಿನೆಣ್ಣೆ, ಒಂದು ಸಣ್ಣ ಚಮಚ ಸೋಡಾ, ಒಂದು ದೊಡ್ಡ ಚಮಚ ಲಿಂಬೆರಸ, ಚಿಟಿಕೆ ಉಪ್ಪು, ಏಲಕ್ಕಿ. ಓವನ್ ಇದ್ದರೆ 180 ಡಿಗ್ರಿಯಲ್ಲಿ ಸುಮಾರು ಮುಕ್ಕಾಲು ಗಂಟೆ. ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿದೆಯೆಂದು ಅರ್ಥ.

ಓವನ್ ಇಲ್ಲದಿದ್ದರೂ ಚಿಂತೆಯಿಲ್ಲ. ಹಳೆಯ ಮನೆಗಳಲ್ಲಿ ಕೆಂಡದಡ್ಯೆ ಎಂಬೊಂದು ತಿನಿಸಿತ್ತು. ಬಾಳೆಲೆ ಹಾಸಿದ ಪಾತ್ರೆಗೆ ಅಕ್ಕಿ, ಬೆಲ್ಲ, ಕಾಯಿಯ ಹಿಟ್ಟು ಹೊಯ್ದು, ಕೆಳಗೆ ಕೆಂಡ, ಮುಚ್ಚಳದ ಮೇಲೆಯೂ ಕೆಂಡ ಇಟ್ಟು ನಿಧಾನವಾಗಿ ಬೇಯಿಸುತ್ತಿದ್ದರು. ಮೇಲೊಂದು, ಕೆಳಗೊಂದು ಕಾಯುವ ಸರಿಗೆಯಿರುವ ಇಂದಿನ ಓವನ್ ಮಾಡುವುದೂ ಅದನ್ನೇ. ಪೆರ್ಲದ ಆ ಮನೆಯ ಮೊದಲ ಎರಡು ಕೇಕುಗಳು ನಡುವೆ ಕುಸಿದವು. ಮೂರನೆಯದು ನಿಂತಿತು.

ಡಬ್ಬ ಹೋದ ಮೇಲೆ ಹುಡುಗಿ ತಾನೇ ಮಾಡಿ ನೋಡಲು ಹೊರಟಳು. ತಾಯಿ ಫೋನಿನಲ್ಲಿ ಹೇಳಿದಂತೆ ಬರೆದುಕೊಳ್ಳಲು ಮೊದಲು ಇಂಗ್ಲಿಷ್ ಅಕ್ಷರಗಳನ್ನು ಹಿಡಿದಳಂತೆ. ಕಾಲೇಜಿನ ಟಿಪ್ಪಣಿಗಳೆಲ್ಲ ಈಗ ಆ ಲಿಪಿಯಲ್ಲಿಯೇ. ಆದರೆ ಕುಡ್ತೆ, ಎಳೆಪಾಕ, ಕಡೆಯುವುದು, ಬಾಡಿಸಿದ ಎಲೆ ಎಂದು ಮಾತು ಮುಂದುವರಿದಂತೆ ಎರಡನೆಯ ಸಾಲಿನಲ್ಲಿಯೇ ಕನ್ನಡಕ್ಕೆ ಮರಳಿದಳು. ಗಡಿನಾಡಿನ ಶಾಲೆಗಳಿಗೆ ಮಕ್ಕಳನ್ನು ಸೇರಿಸುವಾಗ ‘ಕನ್ನಡದಲ್ಲಿ ಓದಿ ಮುಂದೇನು’ ಎಂದು ಕೇಳುವವರಿದ್ದಾರೆ. ಪಾಕದ ಹದವನ್ನು ಬರೆದಿಡುವುದು ಉದ್ಯೋಗವೇನೂ ಅಲ್ಲ, ಸಂವಿಧಾನದ 350ಎ ವಿಧಿಯು ಮಾತೃಭಾಷೆಯ ಪ್ರಾಥಮಿಕ ಶಿಕ್ಷಣದ ಮಾತಾಡುವಾಗ ಅದನ್ನು ನೆನೆದೂ ಇರಲಿಕ್ಕಿಲ್ಲ. ಆದರೂ ತಾಯಿ ಹೇಳಿದ್ದನ್ನು ತಾಯಿಯ ಮಾತಿನಲ್ಲಿಯೇ ಬರೆದುಕೊಳ್ಳಬಲ್ಲ ಮಗಳು ಆ ಮನೆಗೆ ಸಣ್ಣ ಲಾಭವಲ್ಲ.

ಹಾಲಿನ ವಿಷಯದಲ್ಲಿ ಇಬ್ಬರೂ ಇನ್ನೂ ಒಪ್ಪಿಲ್ಲ. ದನಗಳು ಹಟ್ಟಿಯಲ್ಲಿವೆ, ತಾಯಿಯ ಚಹಾಕ್ಕೆ ಹಾಲು ಬೀಳುತ್ತದೆ, ಮಗಳು ಬಂದಾಗ ಕಣ್ಣ ಚಹಾ ಕುಡಿಯುತ್ತಾಳೆ. ಆ ಚರ್ಚೆ ಶುರುವಾದರೆ ತಂದೆ ಅಡಕೆ ಹೆಕ್ಕುವ ನೆಪದಲ್ಲಿ ತೋಟಕ್ಕೆ ಇಳಿಯುತ್ತಾರೆ.

ಡಬ್ಬ ತುಂಬುವವರಿಗೆ ಒಂದು ಸೂಚನೆ. ಪಾಯಸ, ಮಣ್ಣಿಗಳು ಪಯಣಕ್ಕೆ ಆಗುವಂಥವಲ್ಲ. ಕಾಯಿಹಾಲು ಬೇಗ ಹಳಸುತ್ತದೆ. ಕೇಕನ್ನು ಪೂರ್ತಿ ತಣಿಸಿದ ಮೇಲೆಯೇ ಮುಚ್ಚಬೇಕು, ಬಿಸಿಯ ಬೆವರು ಕುಳಿತರೆ ಬೂಸಲು ಖಂಡಿತ. ದೂರಕ್ಕೂ ಬಹುಕಾಲಕ್ಕೂ ಒದಗುವುದು ಹಲಸಿನ ಬೆರಟಿ. ಹಣ್ಣಿನ ತಿರುಳನ್ನು ಉರುಳಿಯಲ್ಲಿ ಹಾಕಿ, ತಳ ಹಿಡಿಯದಂತೆ ಗಂಟೆಗಟ್ಟಲೆ ಮಗುಚಿ, ಕಪ್ಪಗೆ ಮುದ್ದೆಯಾಗುವವರೆಗೆ ಕಾಯಿಸಿದರೆ ನೀರೆಲ್ಲ ಆರಿ, ಉಳಿದ ತೇವವನ್ನೂ ಸಕ್ಕರೆಯೇ ಕಟ್ಟಿಹಾಕುವುದರಿಂದ ಬೂಸಲಿಗೆ ನೆಲೆ ಸಿಗುವುದಿಲ್ಲ. ಆದ್ದರಿಂದ ಡಬ್ಬ ತಲುಪಿದೊಡನೆ ಕೇಕನ್ನು ಮೂರು ದಿನದೊಳಗೆ ಗೆಳತಿಯರ ಸಂಗಡ ಹಂಚಿ ಮುಗಿಸಬೇಕು. ಬೆರಟಿಯನ್ನು ಒಣ ಚಮಚದಲ್ಲಿ ತೆಗೆದು ದಸರೆಯವರೆಗೆ ಉಳಿಸಿಕೊಳ್ಳಬಹುದು.