ಭುವನ್ ಹೊಡೆದದ್ದು ನಿಜವಾಗಲೂ ಸಿಕ್ಸರ್ರಾ?

'ಲಗಾನ್' ಸಿನಿಮಾದ ಕ್ಲೈಮ್ಯಾಕ್ಸ್ ನೆನಪಿದೆಯಾ?
ಕೊನೇ ಓವರ್. ಕೊನೇ ಎಸೆತ.
ಹೀರೋ ಭುವನ್ ಬೀಸ್ತಾನೆ.
ಎದುರಾಳಿ ಬ್ರಿಟಿಷ್ ಕ್ಯಾಪ್ಟನ್ ರಸೆಲ್ ಕ್ಯಾಚ್ ಹಿಡೀತಾನೆ...
ಆದರೆ ಗೆರೆ ದಾಟಿ!
ಸಿಕ್ಸರ್. ಊರು ಗೆದ್ದಿತು.

ಸ್ವಲ್ಪ ತಡೀರಿ.
ಕಥೆ ನಡೆಯೋದು 1893ರಲ್ಲಿ.
ಆಗ ಇಂಗ್ಲೆಂಡ್ ನಿಯಮದಲ್ಲಿ
ಓವರ್‌ಗೆ ಐದೇ ಎಸೆತ!
ಆರು ಬಂದಿದ್ದು 1900ರಲ್ಲಿ.
ಅಂದರೆ ಸಿನಿಮಾದ ಆರನೇ ಎಸೆತ,
ಕೃಷ್ಣದೇವರಾಯನ ನಾಟಕದಲ್ಲಿ
ರಾಜ ಕೈಗಡಿಯಾರ ಕಟ್ಟಿಕೊಂಡು ಬಂದ ಹಾಗೆ.

ಇನ್ನೊಂದು ಇದೆ. ಇದು ಇನ್ನೂ ಮಜಾ.
ಇವತ್ತು ಚೆಂಡು ಗೆರೆಯಾಚೆ ಬಿದ್ದರೆ ಸಿಕ್ಸ್.
ಆ ಕಾಲದ ಇಂಗ್ಲೆಂಡಲ್ಲಿ ಅಷ್ಟು ಸಾಲದು.
ಚೆಂಡು ಮೈದಾನದಿಂದಲೇ ಹೊರಗೆ ಹೋಗಬೇಕು!
ಬರೀ ಗೆರೆ ದಾಟಿದರೆ? ನಾಲ್ಕು.
ಈ ನಿಯಮ ಬದಲಾಗಿದ್ದು 1910ರಲ್ಲಿ.
ಭುವನ್‌ದು ಹದಿನೇಳು ವರ್ಷ ಮುಂಚಿನ ಸಿಕ್ಸರ್!

ಹಾಗಂತ ಸಿನಿಮಾ ಕೆಟ್ಟದಾ? ಖಂಡಿತ ಅಲ್ಲ.
ಆಸ್ಕರ್ ನಾಮನಿರ್ದೇಶನದವರೆಗೂ ಹೋದ ಚಿತ್ರ ಅದು.
ಹಳೇ ನಿಯಮ ಇಟ್ಟಿದ್ದರೆ
ಥಿಯೇಟರಲ್ಲಿ ಅರ್ಧ ಜನ ಪಕ್ಕದವರನ್ನ ಕೇಳ್ತಿದ್ದರು,
"ಇದ್ಯಾಕೆ ನಾಲ್ಕು?"
ನನ್ನ ಲೆಕ್ಕದಲ್ಲಿ ಈ ತಪ್ಪು ಮಾಫಿ.

ಬೇರೆ ಯಾವ ಕ್ರೀಡಾ ಸಿನಿಮಾದಲ್ಲಿ
ಇಂಥದ್ದು ಕಂಡಿದ್ದೀರಿ?
ಕಾಮೆಂಟಲ್ಲಿ ಹೇಳಿ.