ಬಾಡಿಗೆಯೊಂದೇ ಲೆಕ್ಕವಲ್ಲ

2020ರ ಕೋವಿಡ್ ಪಿಡುಗಿನ ಬಳಿಕ ನಗರದಿಂದ ಮಲೆನಾಡಿಗೆ ಮರಳಿ ಸಣ್ಣ ಉದ್ಯಮ ಹೂಡುವ ವಿಚಾರ ಅನೇಕರಲ್ಲಿ ಮೂಡಿತು. ಮಿತ ಬಂಡವಾಳದ, ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ ವಾಸಸ್ಥಳದ ಆಯ್ಕೆಯೇ ಮೊದಲ ಹೂಡಿಕೆ.

ಸಿದ್ದಾಪುರ ತಾಲೂಕಿನ ನಿಲ್ಕುಂದದಲ್ಲಿ ಹಿರಿಯರ ಮನೆಯಿದ್ದರೆ ಬಾಡಿಗೆ ಉಳಿಯುತ್ತದೆ. ಹಾಳೆತಟ್ಟೆ ತಯಾರಿಕೆಗೆ ಅಡಿಕೆ ಹಾಳೆ ತೋಟದಲ್ಲೇ ದೊರೆಯುತ್ತದೆ. ಆದರೆ ಮಳೆಗಾಲದಲ್ಲಿ ಹಾಳೆ ಒಣಗದು, ವಿದ್ಯುತ್ತಿನ ಭರವಸೆಯಿಲ್ಲ. ಶಾಲೆ, ವೈದ್ಯರೆಂದು ಪೇಟೆಗೆ ಓಡಾಡುವ ವೆಚ್ಚ ಉಳಿತಾಯವನ್ನು ನುಂಗಬಲ್ಲದು.

ಶಿರಸಿಯಲ್ಲಿ ಬಾಡಿಗೆ ತೆರಬೇಕು. ಆದರೆ ಅಡಿಕೆ ಮಾರುಕಟ್ಟೆ, 1923ರಲ್ಲಿ ಸ್ಥಾಪಿತವಾದ ತೋಟಗಾರ್ಸ್ ಸೇಲ್ ಸೊಸೈಟಿ, ಕಾಲೇಜು, ಆಸ್ಪತ್ರೆಗಳು ಊರಲ್ಲೇ ಇವೆ. ರೈಲಿಗೆ ಮಾತ್ರ ತಾಳಗುಪ್ಪಕ್ಕೋ ಕುಮಟಾಕ್ಕೋ ಹೋಗಬೇಕು.

ಘಟಕ ಹಳ್ಳಿಯಲ್ಲಿ, ಸಂಸಾರ ಪೇಟೆಯಲ್ಲಿ ಎಂಬ ಮಧ್ಯಮಾರ್ಗವೂ ಉಂಟು. ಯಾವುದೇ ಆಗಲಿ, ಆಷಾಢದ ಒಂದು ತಿಂಗಳು ಅಲ್ಲಿದ್ದು ಖರ್ಚು ಬರೆದಿಟ್ಟ ಬಳಿಕವೇ ಸಾಮಾನು ಸಾಗಿಸುವುದು ಲೇಸು.